ಚಾವಿ ಕೊಡೂದ್ರೊಳಗ

ಇಪ್ಪತ್ತೆಂಟು ಸೆಕೆಂಡು.
ಒಮ್ಮೆ ಚಾವಿ ಕೊಟ್ರ ಅಷ್ಟಽ ಓಡತಿತ್ತು ಆ ಕ್ಯಾಮೆರಾ.
ಆಮ್ಯಾಲ ಟಕ್ ಅಂತ ನಿಂತು
ನನ್ನ ಮಾರಿ ನೋಡತಿತ್ತು.

ಬೆಟಗೇರಿ ಹಾದ್ಯಾಗಿನ ಹತ್ತಿ ಜಿನ್ನು
ಬೀಗ ಬಿದ್ದು ಎರಡು ವರ್ಷ ಆಗಿತ್ತು.
ಹೈಮವತಿ ಕರ್ಜಗಿ ಮುಂಜಾನಿ ಪ್ಯಾಸೆಂಜರಿಗೆ ಗದಗಿಗೆ ಬಂದು ಇಳದ್ಲು.
ಬೂದಿ ಬಣ್ಣದ ಒಂದು ಚೀಲ. ಕಾಲಾಗ ಗೆಜ್ಜಿ ಇಲ್ಲ,
ಬೆನ್ನ ಹಿಂದ ತಬಲಾದಾಂವ ಇಲ್ಲ.
‘ಹಾಡು ಯಾವುದ್ರಿ?’ ಅಂದೆ.
‘ಹಾಡಿಲ್ಲ.’
‘ಕಥಿ?’
‘ಕಥೀನೂ ಇಲ್ಲ.’

ನಾ ಲಗ್ನದಾಗ ಫೋಟೋ ತಗ್ಯಾಂವ.
ತಾಳಿ ಯಾವಾಗ ಬೀಳತೈತಿ, ಅಕ್ಕಿಕಾಳು ಯಾವಾಗ ಹಾರತಾವು,
ಬೀಗತಿ ಯಾವಾಗ ಸಿಟ್ಟಾಗತಾಳ
ಎಲ್ಲಾ ಮೊದಲಽ ಗೊತ್ತಿರತೈತಿ ನನಗ.
ಇಲ್ಲಿ ಏನಂತ ಕಾಯಲಿ?

ವಾಚ್‌ಮನ್ ಹುಚ್ಚೀರಪ್ಪ ಬಾಗಲಾ ತಗದ.
ಒಳಗ ಗಾಳಿಗಿಂತ ಹತ್ತಿಧೂಳಿ ಹೆಚ್ಚು.
ತಗಡಿನ ತೂತಿನ್ಯಾಗಿಂದ ಬಿಸಲು ಇಳದು
ನೆಲದ ಮ್ಯಾಲ ರೂಪಾಯಿ ರೂಪಾಯಿ ಚೆಲ್ಲಿತ್ತು.

ಮೊದಲ ಆಕಿ ಮಲಗಿದ್ಲು.
ಮಲಗೂದೂ ಕುಣಿತೇನು? ಫಿಲ್ಮು ತುಟ್ಟಿ ಐತಿ, ಅಕ್ಕಾರ!
ಆಮ್ಯಾಲ ಒಂದು ಮೊಣಕೈ ಎದ್ದಿತು,
ಉಳಿದ ಮೈಗೆ ಸುದ್ದಿನಽ ಇಲ್ಲದಂಗ.
ಆಮ್ಯಾಲ ಹೆಗಲು. ಆಮ್ಯಾಲ ಬೆನ್ನು.
ಬೆನ್ನಿಗೆ ಕಣ್ಣು ಬಂದು ನಮ್ಮನ್ನ ನೋಡಿತು.
‘ಮೈಮ್ಯಾಲ ಬಂತೇನಪಾ ದಾವಲಾ?’
ಹುಚ್ಚೀರಪ್ಪ ಚಪ್ಪಲಿ ಬಿಟ್ಟು ಕೈಕಟ್ಟಿ ನಿಂತ.

ಬಿದ್ಲು. ಎದ್ಲು. ಬಿದ್ಲು.
ಬೀಳೂದನ್ನ ಇಷ್ಟು ಸಾವಕಾಶ, ಇಷ್ಟು ಜ್ವಾಕಿಲೆ,
ಕೂಸಿನ್ನ ತೊಟ್ಟಲಕ್ಕ ಹಾಕಿದಂಗ
ತನ್ನ ತಾನಽ ನೆಲಕ್ಕ ಹಾಕಿದ್ಲು.
ಕಬ್ಬಿಣದ ಕಂಬಕ್ಕ ಹೆಗಲು ಕೊಟ್ಟು ನೂಕಿದ್ಲು.
ಕಂಬ ಅಲ್ಲೇ ಇತ್ತು.
ಜಿನ್ನು ಸರದಂಗಾತು.

ಟಕ್.

ನಿಲ್ರಿ ಅಂದೆ. ನಿಲ್ಲಲಿಲ್ಲ.
ಚಾವಿ ತಿರುವೂದ್ರೊಳಗ ಆಕಿ ಎಲ್ಲೆಲ್ಲಿ ಹೋಗಿ ಬಂದ್ಲೋ,
ಮತ್ತ ಕಣ್ಣಿಟ್ರ ಮೂಲ್ಯಾಗಿನ ತಕ್ಕಡಿ ಹತ್ತರ ಇದ್ಲು,
ಕೂದಲಾ ಬಿಚ್ಚಿ, ಉಸಿರು ಬ್ಯಾರೆ ಆಗಿ.

ಎಷ್ಟೋ ವರ್ಷಕ್ಕ ಧಾರವಾಡದಾಗ ತೋರಿಸಿದ್ರು,
ಒಂದು ಹಾಲಿನ್ಯಾಗ, ಬಿಳೇ ಚಾದರದ ಮ್ಯಾಲ.
ಗಡ್ಡದ ಹುಡುಗೊಬ್ಬ ನನ್ನ ಕೈ ಹಿಡದ:
‘ಕಂಬದಿಂದ ತಕ್ಕಡಿಗೆ ಆ ಜಿಗಿತ!
ಕಾಲವನ್ನೇ ಕತ್ತರಿಸಿದ್ದೀರಿ, ಸರ್!’
ಇನ್ನೊಬ್ಬಾಕಿ ಕೇಳಿದ್ಲು,
ಮೂಲ್ಯಾಗಿನ ಆ ಖಾಲಿ ಚಪ್ಪಲಿ ಏನು ಸೂಚಿಸತಾವಂತ.
ಹುಚ್ಚೀರಪ್ಪನ ಸೂಚಿಸತಾವು ಅನಬೇಕಂದೆ.
ಅನಲಿಲ್ಲ. ಚಾ ಕುಡದೆ.

ಈಗ ರೀಲಿನ ಡಬ್ಬಿ ತಗದ್ರ ಹುಳಿ ನಾತ.
ಕುಣಿತ ಒಳಗಽ ಮುದುಡತೈತಿ,
ಮಾಡಿನ ಕೆಳಗ ಇಟ್ಟ ಹಪ್ಪಳದಂಗ.

ಹೇಳದೆ ಉಳದ ಮಾತು ಒಂದೈತಿ.
ಮೂರನೇ ರೀಲಿನ್ಯಾಗ, ಟಕ್ ಅಂದ ಮ್ಯಾಲ,
ಆಕಿ ಎಡಗೈ ನೀಟ ಚಾಚಿ ನಿಂತ್ಲು,
ಬಲಗೈಲೆ ಗಾಳಿಗೆ ಹೊಡದ್ಲು. ಮತ್ತ ಹೊಡದ್ಲು.
ಎದಿ ನಡಗಿತು ಆಕೀದು,
ತಂತಿ ನಡಗಿದಂಗ.
ಧುಂಯ್.
ನಮ್ಮ ಅಬ್ಬಾ ಓಣಿ ಓಣಿ ಗಾದಿ ಹಿಂಜತಿದ್ದ.
ಎಡಗೈಯಾಗ ಬಿಲ್ಲು, ಬಲಗೈಯಾಗ ಕೊಡತಿ,
ಹುಬ್ಬಿನ ಮ್ಯಾಲ, ಮೀಸಿ ಮ್ಯಾಲ ಹತ್ತಿ,
ಮಂದಿ ಮನಿ ನಿದ್ದಿ ಮೆತ್ತಗ ಮಾಡಿ
ತಾ ನೆಲಕ್ಕ ಮಲಗಾಂವ.
ಕರ್ಜಗಿಯವರ ಮಗಳಿಗೆ ಇದು ಗೊತ್ತಿತ್ತೋ ಇಲ್ಲೋ,
ಆಕಿ ಅದನ್ನಽ ಕುಣದ್ಲೋ ಮತ್ತೊಂದನ್ನೋ.
ಕೇಳಲಿಲ್ಲ ನಾ.

ಎಲ್ಲಾರೂ ತಿಳದಾರ, ಆಗ ಚಾವಿ ಮುಗದಿತ್ತಂತ.
ತುಂಬಿತ್ತು.
ಬಟ್ಟು ಗುಂಡಿ ಮ್ಯಾಲಽ ಇತ್ತು.
ಒತ್ತಲಿಲ್ಲ.

ಆಕಿ ನಿಂತು, ಕೂದಲಾಗಿನ ಹತ್ತಿ ಕೊಡವಿ,
‘ಬಂತಾ?’ ಅಂದ್ಲು.
‘ಬಂತ್ರಿ’ ಅಂದೆ.